ಮೂರು ಪಂಚಾಯಿತಿ, ಒಂದು ಸ್ವಚ್ಛ ಸಂಕೀರ್ಣ: ನನ್ನ ಅನುಭವ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹೊಸನಗರದ ಗಡಿಗೆ ತಾಗಿಕೊಂಡಿರುವ ಗ್ರಾಮ ಪಂಚಾಯಿತಿಯೊಂದರಲ್ಲಿ ನಾನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿದ್ದಾಗ, ನೆರೆಯ ಎರಡು ಪಂಚಾಯಿತಿಗಳ ಜೊತೆ ಸೇರಿ ಒಣ ಕಸದ ವಿಲೇವಾರಿಗೆ ಒಂದೇ ಸ್ವಚ್ಛ ಸಂಕೀರ್ಣ (ಕಸ ವಿಂಗಡಿಸಿ ಇಡುವ ಶೆಡ್ಡು) ಮತ್ತು ಒಂದೇ ವಾಹನವನ್ನು ನಡೆಸುವ ವ್ಯವಸ್ಥೆ ಮಾಡಿಕೊಂಡೆವು. ನಾನು ಅಲ್ಲಿಂದ ವರ್ಗವಾಗಿ ಬಂದಿದ್ದೇನೆ, ವ್ಯವಸ್ಥೆ ಈಗಲೂ ನಡೆಯುತ್ತಿದೆ. ಅದನ್ನು ನೋಡಲು ಬರುವ ಬೇರೆ ಪಂಚಾಯಿತಿಯವರು ಮೊದಲು ಕೇಳುವುದು ಕಟ್ಟಡದ ನಕ್ಷೆಯನ್ನು. ಅವರು ಕೇಳಬೇಕಾದದ್ದು ಕರಾರಿನ ಪ್ರತಿಯನ್ನು ಎಂಬುದು ನನ್ನ ಅಭಿಪ್ರಾಯ.

ಮಲೆನಾಡಿನ ಪಂಚಾಯಿತಿಗಳು ಚಿಕ್ಕವು, ಮತ್ತು ಕಾಯ್ದೆಯ ಪ್ರಕಾರವೇ ಚಿಕ್ಕವು. 1993ರ ಪಂಚಾಯತ್ ರಾಜ್ ಕಾಯ್ದೆ ಬಯಲುಸೀಮೆಯಲ್ಲಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ ಎಂದು ಹೇಳುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕು ಎನ್ನುತ್ತದೆ. ಗುಡ್ಡ, ಹಳ್ಳ, ಒಂಟಿಮನೆಗಳ ಈ ಸೀಮೆಯಲ್ಲಿ ಜನರಿಗೆ ಕಚೇರಿ ಹತ್ತಿರವಿರಬೇಕೆಂಬ ಆ ಏರ್ಪಾಡು ಸರಿಯಾದದ್ದೇ. ಆದರೆ ತಲೆ ಲೆಕ್ಕದಲ್ಲಿ ಬರುವ ಅನುದಾನವೂ ಅದೇ ಅಳತೆಯಲ್ಲಿ ಚಿಕ್ಕದಾಗುತ್ತದೆ. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಗ್ರಾಮೀಣದ ಎರಡನೇ ಹಂತದಲ್ಲಿ, 5,000ದೊಳಗಿನ ಜನಸಂಖ್ಯೆಯ ಗ್ರಾಮಗಳಿಗೆ ಘನ ತ್ಯಾಜ್ಯ ನಿರ್ವಹಣೆಗಾಗಿ ತಲೆಗೆ ಗರಿಷ್ಠ 60 ರೂಪಾಯಿ ಗೊತ್ತುಮಾಡಲಾಯಿತು. ಮೂರು ಸಾವಿರ ಜನರಿದ್ದರೆ 1.80 ಲಕ್ಷವಾಯಿತು. ಆ ದುಡ್ಡಿನಲ್ಲಿ ಜಂಬಿಟ್ಟಿಗೆಯ ಗೋಡೆ ಎದ್ದರೆ ಮಾಡು ಏರುವುದಿಲ್ಲ, ಮಾಡು ಏರಿದರೆ ತೂಕದ ಯಂತ್ರಕ್ಕೆ ಉಳಿಯುವುದಿಲ್ಲ. ಉದ್ಯೋಗ ಖಾತ್ರಿಯ ಹಣವನ್ನು ಜೋಡಿಸಿಕೊಂಡು ಕಟ್ಟಡ ಕಟ್ಟಿಸಬಹುದಿತ್ತು, ಹಾಗೆ ಕಟ್ಟಿಸಿ ಬೀಗ ಹಾಕಿಟ್ಟ ಕಟ್ಟಡಗಳನ್ನು ನಾನು ನೋಡಿಯೂ ಇದ್ದೇನೆ. ಚಾಲಕಿಯ ಸಂಬಳ, ಡೀಸೆಲ್, ದುರಸ್ತಿ ಎಂದು ವರ್ಷ ವರ್ಷ ಬರುವ ಖರ್ಚನ್ನು ಹೊರುವ ಶಕ್ತಿ ಒಂದೊಂದೇ ಪಂಚಾಯಿತಿಗೆ ಇರಲಿಲ್ಲ.

ಒಟ್ಟಾಗಬೇಕಾದ ಇನ್ನೊಂದು ಕಾರಣ ಕಣ್ಣಿಗೆ ಕಾಣುವಂತಿತ್ತು. ನಮ್ಮ ಪಂಚಾಯಿತಿಗೂ ಪಕ್ಕದ ಪಂಚಾಯಿತಿಗೂ ಗಡಿಯಾಗಿ ಹರಿಯುವ ಹಳ್ಳಕ್ಕೆ ಒಂದು ಹಳೆಯ ಸೇತುವೆಯಿದೆ. ಎರಡೂ ಕಡೆಯ ಅಂಗಡಿಯವರು, ಮದುವೆ ಮನೆಯವರು, ಕೋಳಿ ಅಂಗಡಿಯವರು ಚೀಲ ಕಟ್ಟಿ ತಂದು ಆ ಸೇತುವೆಯ ಮೇಲಿಂದಲೇ ಎಸೆಯುತ್ತಿದ್ದರು. ಗಡಿಯ ಜಾಗವಾದ್ದರಿಂದ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ನಾವು ಫಲಕ ಹಾಕಿದರೆ ಕಸ ಆಚೆ ದಡಕ್ಕೆ ಬೀಳುತ್ತಿತ್ತು, ಅವರು ದಂಡ ಹಾಕಿದರೆ ಈಚೆ ದಡಕ್ಕೆ. ಆರಿದ್ರಾ ಮಳೆ ಹಿಡಿದ ಮೇಲೆ ಎರಡೂ ದಡದ್ದನ್ನು ಹಳ್ಳವೇ ಎತ್ತಿಕೊಂಡು ಹೋಗಿ ತುಂಗೆಗೆ ಸೇರಿಸುತ್ತಿತ್ತು. ಅಲ್ಲಿಂದ ಕೆಳಗೆ ಮಂಡಗದ್ದೆ, ಅದರಾಚೆ ಗಾಜನೂರು, ಗಾಜನೂರಿನಿಂದ ಶಿವಮೊಗ್ಗದ ನಲ್ಲಿ.

ಮೊದಲ ಮಾತುಕತೆಯನ್ನು ಯಾವ ಪಂಚಾಯಿತಿ ಕಚೇರಿಯಲ್ಲಿಯೂ ಇಟ್ಟುಕೊಳ್ಳಲಿಲ್ಲ. ಒಬ್ಬ ಅಧ್ಯಕ್ಷರು ಇನ್ನೊಬ್ಬ ಅಧ್ಯಕ್ಷರ ಕಚೇರಿಗೆ ಹೋಗಿ ಎದುರಿನ ಕುರ್ಚಿಯಲ್ಲಿ ಕೂರುವುದು ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲವೆಂಬುದು ಕಾಗದದ ಮೇಲಿನ ಮಾತು. ಆದ್ದರಿಂದ ಕೃಷಿ ಪತ್ತಿನ ಸಹಕಾರ ಸಂಘದ ಸಭಾಂಗಣವನ್ನು ಕೇಳಿ ಪಡೆದೆವು. ಆ ಸಂಘದ ವ್ಯಾಪ್ತಿ ಎರಡು ಪಂಚಾಯಿತಿಗಳ ಹಳ್ಳಿಗಳಿಗೂ ಹಬ್ಬಿದ್ದು, ಮೂರನೆಯ ಪಂಚಾಯಿತಿಯ ಸದಸ್ಯರಲ್ಲಿ ಹಲವರು ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ಗೆ ಅಡಿಕೆ ಹಾಕುವವರಾದ್ದರಿಂದ, ಷೇರು ಹಾಕಿ ಸೇರಿ ನಡೆಸುವ ವ್ಯವಹಾರ ಎಂದರೇನೆಂದು ಅಲ್ಲಿ ಕೂತವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆ ಸಭೆಯಲ್ಲಿ ಬಗೆಹರಿದ ದೊಡ್ಡ ವಿಷಯವೆಂದರೆ ಯಾವ ಕಸವನ್ನು ತರಬಾರದು ಎಂಬುದು. ಪಟ್ಟಣದಲ್ಲಿ ನಡೆಯುವಂತೆ ಹಸಿ ಕಸ ಒಣ ಕಸ ಎರಡನ್ನೂ ದಿನಾ ಎತ್ತುವ ಪದ್ಧತಿಯನ್ನು ತರಬೇತಿಗಳಲ್ಲಿ ನಮಗೆ ಹೇಳಿಕೊಟ್ಟಿದ್ದರು. ಒಬ್ಬ ಸದಸ್ಯೆ ಎದ್ದು ನಿಂತು, "ನಮ್ಮಲ್ಲಿ ಹಸಿ ಕಸ ಅಂತ ಎಲ್ಲಿದೆ ಸಾರ್? ಮುಸುರೆ ಕೊಟ್ಟಿಗೆಗೆ, ಉಳಿದಿದ್ದು ಗೊಬ್ಬರಗುಂಡಿಗೆ," ಎಂದರು. ಅಷ್ಟಕ್ಕೆ ಯೋಜನೆಯ ಅರ್ಧ ಭಾರ ಇಳಿಯಿತು. ಹೋಟೆಲು, ಕಲ್ಯಾಣ ಮಂಟಪ, ಮಾಂಸದಂಗಡಿಗಳ ಹಸಿ ಕಸವನ್ನು ಆಯಾ ಪಂಚಾಯಿತಿಯೇ ತನ್ನ ನೆಲದಲ್ಲಿ ಗುಂಡಿ ತೆಗೆದು ನೋಡಿಕೊಳ್ಳುವುದು, ಜಂಟಿ ವಾಹನ ಒಣ ಕಸವನ್ನು ಮಾತ್ರ, ಅದನ್ನೂ ತಿಂಗಳಿಗೆ ಎರಡೇ ಬಾರಿ ಎತ್ತುವುದು ಎಂದು ನಿಶ್ಚಯಿಸಿದೆವು. ರಸ್ತೆಯಿಂದ ಒಳಗಿರುವ ಮನೆಯವರು ಹಳೆಯ ಗೊಬ್ಬರದ ಚೀಲದಲ್ಲಿ ಕಸ ತುಂಬಿಸಿಟ್ಟುಕೊಂಡು, ಗೊತ್ತಾದ ದಿನ ದಣಪೆ ದಾಟಿಸಿ ಟಾರು ರಸ್ತೆಯ ಬದಿಗೆ ತಂದಿಡಬೇಕು. ಹಾಲಿನ ಪ್ಯಾಕೆಟ್ಟು, ಎಣ್ಣೆಯ ಕವರು, ಹರಿದ ಟಾರ್ಪಾಲು, ಹನಿ ನೀರಾವರಿಯ ಪೈಪಿನ ತುಂಡು, ಮೈಲುತುತ್ತದ ಚೀಲ, ಬಾಟಲಿ ಇವೇ ನಮ್ಮ ಕಸ. ಇವು ಕೊಳೆಯುವುದಿಲ್ಲವಾದ್ದರಿಂದ ಹದಿನೈದು ದಿನ ಕಾಯುತ್ತವೆ.

ಜಾಗದ ವಿಷಯದಲ್ಲಿ ಆಯ್ಕೆಯೇ ಇರಲಿಲ್ಲ. ನಮ್ಮ ಕಡೆ ಖಾಲಿ ಕಂಡ ನೆಲವೆಲ್ಲ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಕಾನು, ಅರಣ್ಯವೆಂದೇ ಪರಿಗಣಿಸುವ ಡೀಮ್ಡ್ ಅರಣ್ಯ, ಇಲ್ಲವೇ ಸಾಗುವಳಿ ಸಕ್ರಮಕ್ಕೆ ಬಗರ್‌ಹುಕುಂ ಅರ್ಜಿ ಬಿದ್ದಿರುವ ಗೋಮಾಳ. ಕೊನೆಗೆ ಪಕ್ಕದ ಪಂಚಾಯಿತಿಯಲ್ಲಿ ಜಂಬಿಟ್ಟಿಗೆ ಕಲ್ಲು ತೆಗೆದು ಬಿಟ್ಟಿದ್ದ ಕ್ವಾರಿಯ ಪಕ್ಕದ ಕಂದಾಯ ಜಾಗ ಸಿಕ್ಕಿತು. ಆ ಊರಿನ ಗ್ರಾಮಸಭೆಗೆ ನಾವು ಮೂವರೂ ಪಿಡಿಒಗಳು ಹೋಗಿದ್ದೆವು. "ಅಲ್ಲ ಸಾರ್, ಮೂರು ಪಂಚಾಯ್ತಿ ಕಸಕ್ಕೆ ನಮ್ಮೂರೇ ಆಗ್ಬೇಕಾ?" ಎಂದು ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಪರಿಸರ, ಸ್ವಚ್ಛತೆ ಎಂದೆಲ್ಲ ಉತ್ತರ ಕೊಡುವುದು ಅವಮಾನ ಮಾಡಿದಂತಾಗುತ್ತಿತ್ತು. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ವ್ಯವಹಾರದ ಮಾತಿನಲ್ಲೇ ಇರಬೇಕಿತ್ತು. ಹಸಿ ಕಸ ಬರುವುದಿಲ್ಲ. ಕಸ ವಿಂಗಡಿಸುವ ಕೆಲಸ ಆ ಊರಿನ ಸ್ವಸಹಾಯ ಸಂಘದ ಹೆಂಗಸರಿಗೇ. ಮಾರಾಟದಿಂದ ಬಂದ ಹಣ ಅವರ ಒಕ್ಕೂಟಕ್ಕೇ ಹೊರತು ಯಾವ ಪಂಚಾಯಿತಿಗೂ ಅಲ್ಲ. ಕ್ವಾರಿಯ ಗುಂಡಿಗೆ ಒಂದು ಚೀಲವೂ ಬೀಳಬಾರದು, ಬಿದ್ದರೆ ಆ ದಿನದಿಂದಲೇ ಗೇಟಿಗೆ ಬೀಗ ಹಾಕುವ ಅಧಿಕಾರ ಆ ವಾರ್ಡಿನ ಜನರಿಗೆ. ಈ ನಾಲ್ಕನ್ನೂ ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಿ ಓದಿ ಹೇಳಿದ ಮೇಲೆ ಸಭೆ ಒಪ್ಪಿತು. ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಹಿಂದಿನ ಸಾಲಿನಲ್ಲಿದ್ದ ಕೆಲವರು ಎದ್ದು ಹೋದರು.

ಖರ್ಚನ್ನು ಹಂಚಿಕೊಳ್ಳುವ ಅಳತೆ ಯಾವುದೆಂಬ ಚರ್ಚೆ ಎಲ್ಲಕ್ಕಿಂತ ದೀರ್ಘವಾಗಿ ನಡೆಯಿತು. ಸಮನಾಗಿ ಮೂರು ಪಾಲು ಮಾಡೋಣ ಎಂದವರಿದ್ದರು. ಮನೆಗಳ ಲೆಕ್ಕದಲ್ಲಿ ಮಾಡಿದರೆ ಪೇಟೆಯಿರುವ ನಮ್ಮ ಪಂಚಾಯಿತಿಗೆ ಹೆಚ್ಚು ಬೀಳುತ್ತಿತ್ತು. ತೂಕದ ಲೆಕ್ಕದಲ್ಲಿ ಮಾಡಿದರೆ ಹೆಚ್ಚು ಕಸ ಕೊಟ್ಟವರು ಹೆಚ್ಚು ಕೊಡಬೇಕಾಗಿ, ಚೆನ್ನಾಗಿ ಸಂಗ್ರಹಿಸಿದವರಿಗೇ ದಂಡ ಹಾಕಿದಂತಾಗುತ್ತಿತ್ತು. ಹೊಸನಗರದ ಕಡೆಯ ಪಂಚಾಯಿತಿಯಲ್ಲಿ ಮನೆಗಳು ಕಡಿಮೆ, ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕಾಗಿ ಡೀಸೆಲ್ ಹೆಚ್ಚು ಸುಡುತ್ತಿತ್ತು. ಕೊನೆಗೆ ಖರ್ಚನ್ನೇ ಎರಡು ಬಗೆಯಾಗಿ ಒಡೆದೆವು. ವಾಹನ ನಿಂತಿದ್ದರೂ ಆಗುವ ಖರ್ಚು, ಅಂದರೆ ಸಂಬಳ, ವಿದ್ಯುತ್, ವಿಮೆ ಇವೆಲ್ಲ ಮನೆಗಳ ಲೆಕ್ಕದಲ್ಲಿ. ವಾಹನ ಓಡಿದರೆ ಆಗುವ ಖರ್ಚು, ಅಂದರೆ ಡೀಸೆಲ್, ಟಯರು, ದುರಸ್ತಿ ಇವು ಕಿಲೋಮೀಟರ್ ಲೆಕ್ಕದಲ್ಲಿ.

ಕಿಲೋಮೀಟರ್ ಲೆಕ್ಕ ನಿಂತಿರುವುದು ಚಾಲಕಿಯ ಬಳಿ ಇರುವ ಲಾಗ್ ಪುಸ್ತಕದ ಮೇಲೆ. ಒಂದು ಪಂಚಾಯಿತಿಯ ಗಡಿ ದಾಟುವಾಗ ಮೀಟರಿನ ಅಂಕಿಯನ್ನು ಬರೆದು, ಆ ಪಂಚಾಯಿತಿಯ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ ಬಿಲ್ ಕಲೆಕ್ಟರ್ ಕೈಯಲ್ಲಿ ಸಹಿ ಹಾಕಿಸಬೇಕು. ಕಚೇರಿ ಮುಚ್ಚಿದ್ದರೆ ನೀರುಗಂಟಿಯ ಸಹಿಯಾದರೂ ಆಗಬಹುದು. ಸಂಕೀರ್ಣದಲ್ಲಿ ಇಳಿಸುವಾಗ ಚೀಲಗಳನ್ನು ಪಂಚಾಯಿತಿವಾರು ತೂಗಿ ಅದೇ ಪುಟದಲ್ಲಿ ಬರೆಯುತ್ತಾರೆ. ತೂಕ ಹಣಕ್ಕೆ ಸಂಬಂಧಿಸಿದ್ದಲ್ಲ, ಆದರೆ ಸಾಮಾನ್ಯ ಸಭೆಯಲ್ಲಿ ಆ ಅಂಕಿಯನ್ನು ಓದುವಾಗ ಕಡಿಮೆ ಬಂದ ಪಂಚಾಯಿತಿಯ ಸದಸ್ಯರು ತಲೆ ತಗ್ಗಿಸುವುದನ್ನು ನೋಡಿದ್ದೇನೆ. ಚಾಲಕಿ ಸಂಜೀವಿನಿ ಸ್ವಸಹಾಯ ಸಂಘದ ಸದಸ್ಯೆ, ಡ್ರೈವಿಂಗ್ ಕಲಿತದ್ದೂ ಸ್ವಚ್ಛ ವಾಹಿನಿ (ಕಸದ ಗಾಡಿ) ತರಬೇತಿಯಲ್ಲೇ. ಆಕೆಯ ಅಕ್ಷರ ನಮ್ಮ ಕಚೇರಿಯ ಯಾವ ಕಡತಕ್ಕಿಂತಲೂ ಸ್ಪಷ್ಟ.

ಹಣ ಸಾಗುವ ದಾರಿಯನ್ನು ತೀರ್ಮಾನಿಸುವಾಗ ನಮ್ಮೆಲ್ಲರ ಕಣ್ಣ ಮುಂದಿದ್ದದ್ದು ಲೆಕ್ಕಪರಿಶೋಧನೆ. ಒಂದು ಪಂಚಾಯಿತಿ ಇನ್ನೊಂದು ಪಂಚಾಯಿತಿಯ ಖಾತೆಗೆ ನೇರವಾಗಿ ಹಣ ಹಾಕಿದರೆ, ಅದರಲ್ಲೂ ಬೇರೆ ತಾಲ್ಲೂಕಿನದಕ್ಕೆ ಹಾಕಿದರೆ, ವ್ಯಾಪ್ತಿ ಮೀರಿದ ವೆಚ್ಚವೆಂದು ಆಕ್ಷೇಪಣೆ ಬರೆಯಲು ಹೆಚ್ಚು ಹೊತ್ತು ಬೇಕಾಗಿಲ್ಲ. ಆದ್ದರಿಂದ ಪಂಚಾಯಿತಿಗಳ ನಡುವೆ ಹಣದ ವ್ಯವಹಾರವನ್ನೇ ಇಡಲಿಲ್ಲ. ಮೂರೂ ಪಂಚಾಯಿತಿಗಳು ಸಂಕೀರ್ಣ ನಡೆಸುವ ಒಕ್ಕೂಟದೊಂದಿಗೆ ಒಂದೇ ಒಕ್ಕಣೆಯ ಪ್ರತ್ಯೇಕ ಒಪ್ಪಂದ ಮಾಡಿಕೊಂಡವು. ಪ್ರತಿ ಪಂಚಾಯಿತಿಯೂ ತನ್ನ ಜನರಿಗೆ ಸಿಕ್ಕ ಸೇವೆಗೆ ತಾನೇ ಒಕ್ಕೂಟಕ್ಕೆ ಪಾವತಿ ಮಾಡುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಿರ್ಬಂಧಿತ ಭಾಗ ಶೇಕಡ 60 ಇತ್ತು, ಅದರಲ್ಲಿ ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಈ ನೈರ್ಮಲ್ಯದ ಭಾಗದಿಂದ ಸಲಕರಣೆ, ಸ್ವಂತ ಸಂಪನ್ಮೂಲ ಮತ್ತು ಮನೆಗಳಿಂದ ಬರುವ ಶುಲ್ಕದಿಂದ ನಿರ್ವಹಣೆ ಎಂದು ಮೂರೂ ಕಡೆಯ ಕ್ರಿಯಾಯೋಜನೆಯಲ್ಲಿ ಒಂದೇ ಶೀರ್ಷಿಕೆಯಡಿ ಸೇರಿಸಿದೆವು. ಎರಡೂ ತಾಲ್ಲೂಕು ಪಂಚಾಯಿತಿಗಳ ಇಒ (ಕಾರ್ಯನಿರ್ವಾಹಕ ಅಧಿಕಾರಿ)ಗಳಿಬ್ಬರಿಗೂ ಕಡತ ಒಂದೇ ವಾರ ಹೋಗುವಂತೆ ನೋಡಿಕೊಂಡದ್ದು ಲಾಭವಾಯಿತು, ಏಕೆಂದರೆ ಒಬ್ಬರು ಕೇಳಿದ ಸ್ಪಷ್ಟೀಕರಣ ಇನ್ನೊಬ್ಬರಿಗೂ ಉತ್ತರವಾಗುತ್ತಿತ್ತು. ಪಂಚಾಯಿತಿಯ ಲೆಕ್ಕವನ್ನು ಜನರೆದುರು ಪರಿಶೀಲಿಸುವ ಜಮಾಬಂದಿಯ ದಿನ ಲಾಗ್ ಪುಸ್ತಕವನ್ನೇ ಮೇಜಿನ ಮೇಲೆ ಇಟ್ಟೆವು.

ಸೇರಿದ್ದರ ನಿಜವಾದ ಪ್ರಯೋಜನ ಕಂಡದ್ದು ಮಾರಾಟದಲ್ಲಿ. ಗುಜರಿಯವರಿಗೆ ಬಾಟಲಿ, ಕಬ್ಬಿಣ, ರಟ್ಟು ಬೇಕು, ಅದಕ್ಕೆ ಅವರು ಹೇಗಾದರೂ ಬರುತ್ತಾರೆ. ಚಿಪ್ಸ್, ಗುಟ್ಕಾ, ಶಾಂಪೂ ಪ್ಯಾಕೆಟ್ಟುಗಳಂಥ ಪದರ ಪದರದ ಪ್ಲಾಸ್ಟಿಕ್ ಯಾರಿಗೂ ಬೇಡ. ಅದು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಹೋಗಬೇಕು, ಹೋಗಬೇಕೆಂದರೆ ಲಾರಿ ತುಂಬಬೇಕು. ಒಂದು ಪಂಚಾಯಿತಿಯ ಪ್ಯಾಕೆಟ್ಟುಗಳಿಂದ ಲಾರಿ ತುಂಬುವಷ್ಟರಲ್ಲಿ ಶೆಡ್ಡಿನಲ್ಲಿ ಇಲಿ ಸಂಸಾರ ಹೂಡಿರುತ್ತದೆ. ಮೂರು ಪಂಚಾಯಿತಿಗಳದ್ದು ಸೇರಿದರೆ ಮಳೆಗಾಲಕ್ಕೆ ಮುಂಚೆ ಒಂದು ಲೋಡು, ದೀಪಾವಳಿಯ ನಂತರ ಒಂದು ಲೋಡು ಸಾಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಬೇರೆಯೇ ಲೆಕ್ಕ. ಮಣ್ಣುರಸ್ತೆಗೆ ಗಾಡಿ ಇಳಿಯುವುದಿಲ್ಲ, ನೆನೆದ ಪ್ಲಾಸ್ಟಿಕ್‌ನ ತೂಕ ಸುಳ್ಳು ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದೇ ಸುತ್ತು ಎಂದು ಕರಾರಿನಲ್ಲೇ ಬರೆದುಕೊಂಡೆವು.

ಹೋಂಸ್ಟೇಗಳ ವಿಷಯ ಆಮೇಲೆ ಬಂದದ್ದು. ಅವು ಹೆಚ್ಚಾಗಿ ಹೊಸನಗರದ ಕಡೆಯ ಪಂಚಾಯಿತಿಯಲ್ಲಿವೆ, ಶನಿವಾರ ಭಾನುವಾರಗಳ ಕಸ ಒಂದು ಓಣಿಯ ತಿಂಗಳ ಕಸಕ್ಕೆ ಸಮ. ಅವರಿಂದ ಬರುವ ಹೆಚ್ಚಿನ ಶುಲ್ಕವನ್ನು ಮೂವರಿಗೂ ಹಂಚಬೇಕೆಂದು ನಮ್ಮ ಸದಸ್ಯರು ಪಟ್ಟು ಹಿಡಿದಾಗ ಆ ಪಂಚಾಯಿತಿ ಒಪ್ಪಲಿಲ್ಲ. ಅವರು ಒಪ್ಪದಿದ್ದದ್ದು ಸರಿ ಎಂದೇ ನನಗೆ ಅನ್ನಿಸಿತು. ಶುಲ್ಕ ಅವರದ್ದೇ, ಸೋಮವಾರದ ಹೆಚ್ಚುವರಿ ಸುತ್ತಿನ ಖರ್ಚೂ ಅವರದ್ದೇ ಎಂದು ಒಂದು ಕಲಮು ಸೇರಿಸಿ ಮುಗಿಸಿದೆವು.

ಮೂವತ್ತು ತಿಂಗಳಿಗೊಮ್ಮೆ ಅಧ್ಯಕ್ಷರು ಬದಲಾಗುತ್ತಾರೆ, ಪಿಡಿಒಗಳು ಅದಕ್ಕಿಂತ ಬೇಗ ವರ್ಗವಾಗುವುದೂ ಉಂಟು. ಹೊಸದಾಗಿ ಬಂದ ಅಧ್ಯಕ್ಷರೊಬ್ಬರು ನಮಗೆ ನಮ್ಮದೇ ಗಾಡಿ ಬೇಕು ಎಂದು ಹೊರಟಾಗ ತಡೆದದ್ದು ನಮ್ಮ ಮಾತಲ್ಲ, ಕರಾರಿನ ಬಿಡುಗಡೆಯ ಕಲಮು. ಬಿಡುವವರು ಆರು ತಿಂಗಳ ಮುಂಚೆ ಲಿಖಿತವಾಗಿ ತಿಳಿಸಬೇಕು, ಹಾಕಿದ ಬಂಡವಾಳ ವಾಪಸಿಲ್ಲ, ಸಂಕೀರ್ಣದಲ್ಲಿ ತಮ್ಮ ಪಾಲಿನ ಮಾರಾಟವಾಗದ ಕಸವನ್ನು ಸ್ವಂತ ಖರ್ಚಿನಲ್ಲಿ ಸಾಗಿಸಬೇಕು. ಆರು ತಿಂಗಳಲ್ಲಿ ಅವರ ಬಿಸಿ ಆರಿತು. ಈಗ ನಾಲ್ಕನೆಯ ಪಂಚಾಯಿತಿಯೊಂದು ಸೇರಿಕೊಳ್ಳಲು ಅರ್ಜಿ ಕೊಟ್ಟಿದೆ. ಸೇರಿಸಿಕೊಂಡರೆ ಒಂದು ಗಾಡಿಗೆ ತಿಂಗಳಿಗೆರಡು ಸುತ್ತು ಮುಗಿಸಲಾಗುವುದಿಲ್ಲವೆಂದು ಚಾಲಕಿ ಲಾಗ್ ಪುಸ್ತಕ ತೋರಿಸಿ ಹೇಳಿದ್ದಾರೆ, ಹಾಗಾಗಿ ಅರ್ಜಿಯನ್ನು ತಡೆಹಿಡಿಯಲಾಗಿದೆ.

ಅಡಿಕೆ ಸಿಪ್ಪೆ ಮಾತ್ರ ಕರಾರಿನ ಹೊರಗೇ ಉಳಿದಿದೆ. ಸುಗ್ಗಿಯಲ್ಲಿ ಸುಲಿಯುವ ಯಂತ್ರ ಬಂದು ಹೋದ ಮೇಲೆ ರಸ್ತೆ ಬದಿಯಲ್ಲಿ ರಾಶಿ ಬೀಳುವ ಸಿಪ್ಪೆಯನ್ನು ಎತ್ತಲು ನಮ್ಮ ಗಾಡಿಗೆ ಶಕ್ತಿಯೂ ಇಲ್ಲ, ಎತ್ತಬೇಕಾಗಿಯೂ ಇಲ್ಲ; ಅದು ತೋಟಕ್ಕೆ ಹೋಗಬೇಕಾದ ಗೊಬ್ಬರ. ಮೂರು ಪಂಚಾಯಿತಿಗಳು ಒಂದೇ ದಿನ ಒಂದೇ ಮೊತ್ತದ ದಂಡದ ನಿರ್ಣಯ ಮಾಡಿದ್ದರಿಂದ ಗಡಿಯ ಸೇತುವೆಯ ಬಳಿ ರಾಶಿ ಕಡಿಮೆಯಾಗಿದೆ, ಸೇತುವೆಯಿಂದ ಆಚೆಯ ತಿರುವಿನಲ್ಲಿ ಇನ್ನೂ ಬೀಳುತ್ತಿದೆ.