ವಾಲಿಬಾಲ್: ಇಬ್ಬರ ನಡುವೆ ಬೀಳುವ ಚೆಂಡಿಗೆ ನಾವು ಕಂಡುಕೊಂಡ ಪರಿಹಾರ

ನಮ್ಮ ಹವ್ಯಾಸಿ ತಂಡ ಹೆಚ್ಚು ಪಾಯಿಂಟ್ ಕಳೆದುಕೊಳ್ಳುತ್ತಿದ್ದದ್ದು ಸರ್ವ್ ರಿಸೀವ್‌ನಲ್ಲಿ, ಅಂದರೆ ಎದುರಾಳಿಯ ಸರ್ವ್ ತೆಗೆಯುವಾಗ. ಚೆಂಡು ಇಬ್ಬರ ಮಧ್ಯೆ ಬೀಳುತ್ತಿತ್ತು, ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೂಗು ಕಡಿಮೆ ಇರಲಿಲ್ಲ. ಆದರೆ ಅದು ತಡವಾಗಿ ಬರುತ್ತಿತ್ತು, ಐದಾರು ಬಾಯಿಂದ ಒಟ್ಟಿಗೆ ಬರುತ್ತಿತ್ತು.

ಮೊದಲು ಕೂಗುವ ಮಾತುಗಳನ್ನು ಎರಡಕ್ಕೆ ಇಳಿಸಿದೆವು: 'ನಂದು', 'ಔಟ್'. 'ತಗೋ', 'ನೋಡು', 'ಬಿಡು' ಪೂರ್ತಿ ಬಂದ್. 'ನಂದು' ಎನ್ನಬೇಕಾದದ್ದು ಚೆಂಡು ನೆಟ್ ದಾಟುವ ಮೊದಲೇ. ದಾಟಿದ ಮೇಲೆ ಕೂಗಿದರೆ ಪಕ್ಕದವನು ಆಗಲೇ ಹೆಜ್ಜೆ ಇಟ್ಟಿರುತ್ತಾನೆ. 'ಔಟ್' ಹೇಳುವ ಹಕ್ಕು ಚೆಂಡು ತೆಗೆಯದ ಪಕ್ಕದವನಿಗೆ. ತೆಗೆಯುವವನ ಕಣ್ಣು ಚೆಂಡಿನ ಮೇಲಿರುತ್ತದೆ, ಗೆರೆ ಅವನಿಗೆ ಕಾಣುವುದಿಲ್ಲ.

ಯಾರೂ ಕೂಗದಿದ್ದರೆ? ಇದಕ್ಕೂ ಮುಂಚೆಯೇ ತೀರ್ಮಾನ ಬೇಕು. 9 ಮೀಟರ್ ಅಗಲವನ್ನು ಮೂವರು ರಿಸೀವರ್‌ಗಳಿಗೆ ತಲಾ 3 ಮೀಟರ್ ಹಂಚಿದೆವು. ಇಬ್ಬರ ನಡುವೆ ಬಂದ ಚೆಂಡು ಗಿಡ್ಡವಾದರೆ (ಮುಂದೆ ಬೀಳುವಂತಿದ್ದರೆ) ಬಲಗಡೆಯವನದು, ಉದ್ದವಾದರೆ (ಹಿಂದೆ ಬೀಳುವಂತಿದ್ದರೆ) ಎಡಗಡೆಯವನದು. ಒಬ್ಬ ಮುಂದೆ, ಇನ್ನೊಬ್ಬ ಹಿಂದೆ ಹೋಗುವುದರಿಂದ ಡಿಕ್ಕಿಯೂ ತಪ್ಪುತ್ತದೆ. ಪ್ರತಿ ಸರ್ವ್‌ಗೂ ಮುನ್ನ ಅಕ್ಕಪಕ್ಕದವರು ಕೈ ತೋರಿಸಿ ಇದನ್ನು ಖಚಿತಪಡಿಸಿಕೊಳ್ಳುತ್ತಾರೆ.

ಅಭ್ಯಾಸದಲ್ಲಿ ಕೂಗದೆ ತೆಗೆದ ಚೆಂಡು ಎಷ್ಟೇ ಚೆಂದದ ಪಾಸ್ ಆಗಿದ್ದರೂ ಪಾಯಿಂಟ್ ಎದುರಾಳಿಗೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ ನಿಯಮ; ಮೆತ್ತಗಿನ ದನಿಯ ಹುಡುಗರೂ ಗಟ್ಟಿಯಾಗಿ ಕೂಗತೊಡಗಿದರು.

ಟೈಮ್‌ಔಟ್ 30 ಸೆಕೆಂಡು ಮಾತ್ರ. ಅಷ್ಟರಲ್ಲಿ ಆರು ಜನ ಮಾತಾಡಿದರೆ ಒಂದೂ ತಲೆಗೆ ಹೋಗದು. ಮೊದಲು ನೀರು, ಆಮೇಲೆ ಕ್ಯಾಪ್ಟನ್‌ನಿಂದ ಒಂದೇ ಸೂಚನೆ, ಅದೂ ಮುಂದಿನ ಚೆಂಡಿನ ಬಗ್ಗೆ. ಹೋದ ಪಾಯಿಂಟಿನ ಚರ್ಚೆ ಪಂದ್ಯ ಮುಗಿದ ಮೇಲೆ.