ಹುಲ್ಲು ಹಾಸುವ ಮುನ್ನ ಜೇಕು ತೆಗೆಯಿರಿ

ಮನೆ ಕಟ್ಟಿ ಮುಗಿದು ಗೃಹಪ್ರವೇಶಕ್ಕೆ ವಾರ ಇರುವಾಗ ಅಂಗಳದ ನೆನಪಾಗುತ್ತದೆ. ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಬಂದು, ಒಡೆದ ಇಟ್ಟಿಗೆ, ಜಲ್ಲಿ, ಸಿಮೆಂಟ್ ಗಟ್ಟಿಗಳ ಮೇಲೆಯೇ ಹರಡಿಕೊಳ್ಳುತ್ತದೆ. ಮರುದಿನ ನರ್ಸರಿಯವರು ಹುಲ್ಲಿನ ಹಾಸು ಒತ್ತಿ ಹೋಗುತ್ತಾರೆ. ಎರಡು ಮೂರು ತಿಂಗಳಿಗೆ ಜೇಕು ಎಂಬ ಗಡ್ಡೆಯ ಕಳೆ ತಲೆ ಎತ್ತುತ್ತದೆ, ಅಲ್ಲಲ್ಲಿ ಹಳದಿ ಮಚ್ಚೆ ಬೀಳುತ್ತದೆ. ಅಲ್ಲಿಂದ ಶುರುವಾಗುತ್ತದೆ ಯೂರಿಯಾ, ಕಳೆನಾಶಕ, ದಿನಕ್ಕೆ ಎರಡು ಹೊತ್ತು ನೀರು. ಈ ಮೂರೂ ಖರ್ಚು ಬೇಡವೆಂದರೆ ಹುಲ್ಲು ತರುವ ಮೊದಲು ಮೂರು ನಾಲ್ಕು ತಿಂಗಳು ಮಣ್ಣಿಗೆ ಕೊಡಬೇಕು. ಶಿವರಾತ್ರಿ ಕಳೆದ ಮೇಲೆ ಅಗೆತ, ಆರಿದ್ರ ಮಳೆಗೆ ನಾಟಿ. ಬಯಲುಸೀಮೆಯ ಊರುಗಳಿಗೆ ಇದೇ ಸರಿಯಾದ ಲೆಕ್ಕ.

ಎಷ್ಟು ಜಾಗ?

ಅಂದುಕೊಂಡದ್ದರ ಅರ್ಧ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ನೀರು ನಿಂತರೆ ಅದು 1 ಲೀಟರ್. 300 ಚದರ ಅಡಿ ಎಂದರೆ ಸುಮಾರು 28 ಚದರ ಮೀಟರ್. ಬೇಸಿಗೆಯಲ್ಲಿ ವಾರಕ್ಕೆ 25 ಮಿ.ಮೀ. ಕೊಟ್ಟರೆ 700 ಲೀಟರ್ ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. 30x40 ನಿವೇಶನದಲ್ಲಿ ಕುಳಿತುಕೊಳ್ಳುವ, ಮಕ್ಕಳು ಆಡುವ ಜಾಗಕ್ಕೆ ಮಾತ್ರ 100ರಿಂದ 150 ಚದರ ಅಡಿ ಹುಲ್ಲು ಬಿಡಿ. ಉಳಿದ ಕಡೆ ದಾಸವಾಳ, ನಂದಿಬಟ್ಟಲು, ಕನಕಾಂಬರ ಇರಲಿ, ಬುಡಕ್ಕೆ ಮೂರು ಇಂಚು ಒಣ ಎಲೆ ಹೊದಿಸಿ. ತೇವ ನಿಲ್ಲುವ ನೆರಳಿನ ಮೂಲೆಗೆ ಒಂದೆಲಗ ಹಾಕಿದರೆ ನೆಲವೂ ಮುಚ್ಚುತ್ತದೆ, ತಂಬುಳಿಗೂ ಆಗುತ್ತದೆ. ಮಾವಿನ ಮರದ ಕೆಳಗೆ ಹುಲ್ಲು ಬೆಳೆಸುವ ಹಟ ಬೇಡ. ಅಲ್ಲಿ ಮರದ್ದೇ ಎಲೆ ಹೊದಿಕೆಯಾಗಿ ಬಿದ್ದಿರಲಿ.

ನೆಲ ಬೇಗ ಮುಚ್ಚುತ್ತದೆಂದು ಹಳದಿ ಹೂವಿನ ವೆಡೀಲಿಯಾ ಬಳ್ಳಿಯನ್ನು ಕೆಲವು ನರ್ಸರಿಗಳಲ್ಲಿ ಕೈಗಿಡುತ್ತಾರೆ. ತೆಗೆದುಕೊಳ್ಳಬೇಡಿ. ಲಂಟಾನದಂತೆ ಅದೂ ಆಕ್ರಮಣಕಾರಿ ಸಸ್ಯ. ಬೇಲಿ ದಾಟಿ ಮೋರಿ, ಕೆರೆ ಅಂಚಿಗೆ ಹೋದ ಮೇಲೆ ಹಿಂದಕ್ಕೆ ತರಲಾಗುವುದಿಲ್ಲ. ಪ್ಲಾಸ್ಟಿಕ್ ಹುಲ್ಲಂತೂ ಬೇಡವೇ ಬೇಡ. ಬಿಸಿಲಿಗೆ ಕಾಲಿಡಲಾಗದಷ್ಟು ಕಾಯುತ್ತದೆ, ಸವೆದು ನೂಲುನೂಲಾಗಿ ಮಣ್ಣು ಸೇರುತ್ತದೆ.

ದಿನವಿಡೀ ಬಿಸಿಲಿದ್ದರೆ ನಮ್ಮ ಗರಿಕೆಯನ್ನೇ ಆರಿಸಿ. ಬರ ತಡೆಯುವುದರಲ್ಲಿ, ತುಳಿತ ತಾಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ನರ್ಸರಿಯವರು ಮೆಕ್ಸಿಕನ್ ಗ್ರಾಸ್ ಎಂದು ಮಾರುವುದು ನೋಡಲು ಮೆತ್ತೆಯಂತಿದ್ದರೂ ಹರಡುವುದು ನಿಧಾನ, ಒಳಗೆ ಒಣಹುಲ್ಲು ಕಟ್ಟಿಕೊಂಡು ಗುಬ್ಬೆಗುಬ್ಬೆಯಾಗುತ್ತದೆ. ಅರೆನೆರಳಿನಲ್ಲಿ, ಹೆಚ್ಚು ಓಡಾಟವಿಲ್ಲದ ಕಡೆ ಪೀನಟ್ ಗ್ರಾಸ್ ಒಳ್ಳೆಯದು. ಅದು ನೆಲಗಡಲೆಯ ನೆಂಟ, ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಕತ್ತರಿಸುವ ಕೆಲಸವೂ ಕಡಿಮೆ.

ಅಗೆತ

ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿ, ಗಡಿಯಾರ ನೋಡಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಕೆಳಗೆ ಗಟ್ಟಿ ಪದರವಿದೆ, ಹಾರೆಯಿಂದ ಅದನ್ನು ಒಡೆಯಲೇಬೇಕು. ಗಾರೆಯವರು ಸಿಮೆಂಟ್ ಕಲಸಿದ ಜಾಗ ಎಲ್ಲೆಂದು ಕೇಳಿ ತಿಳಿದು, ಅಲ್ಲಿನ ಮಣ್ಣಿನ ಮೇಲೆ ಎರಡು ಚಮಚ ವಿನೆಗರ್ ಸುರಿಯಿರಿ. ನೊರೆಯೆದ್ದರೆ ಸುಣ್ಣದ ಅಂಶ ಸೇರಿದೆ. ಅಂಥ ಮಣ್ಣಲ್ಲಿ ಕಬ್ಬಿಣಾಂಶ ಬೇರಿಗೆ ಸಿಗದೆ ಹುಲ್ಲು ಹಳದಿಯಾಗುತ್ತದೆ, ಎಷ್ಟು ಗೊಬ್ಬರ ಸುರಿದರೂ ಹಸಿರು ತಿರುಗುವುದಿಲ್ಲ. ಎಂಟು ಇಂಚು ತೆಗೆದು ಹೊರಹಾಕಿ. ಒಲೆಯ ಬೂದಿಯನ್ನು ಗೊಬ್ಬರವೆಂದು ಅಲ್ಲಿಗೆ ಎರಚಬೇಡಿ, ಕ್ಷಾರ ಇನ್ನೂ ಏರುತ್ತದೆ.

ಹೊರಗಿನಿಂದ ಮಣ್ಣು ತರಿಸಲೇಬೇಕಾದರೆ ಮೊದಲು ಒಂದು ಬಾಂಡ್ಲಿಯಷ್ಟು ಮಾದರಿ ತಂದು ಕುಂಡದಲ್ಲಿ ಹಾಕಿ, 15 ದಿನ ನೀರು ಕೊಟ್ಟು ನೋಡಿ. ಜೇಕು ಬಂದರೆ ಆ ಲೋಡು ಬೇಡ. ಹೆಚ್ಚಿನ ಮನೆಗಳಿಗೆ ಈ ಕಳೆ ಬರುವುದೇ ಟ್ರ್ಯಾಕ್ಟರ್ ಹತ್ತಿ.

ಜೇಕು: ಎಲ್ಲ ಕೆಡುವುದು ಇಲ್ಲೇ

ಕೊನ್ನಾರಿ, ತುಂಗೆ ಗಡ್ಡೆ ಎಂದೆಲ್ಲ ಕರೆಯುವ ಈ ಕಳೆಯ ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಕೈಗೆ ಸಿಗುತ್ತದೆ. ಹುಲ್ಲಿನ ದಂಟಿಗೆ ಆ ಮೂಲೆಗಳಿಲ್ಲ. ನೆಲದಡಿ ಇದರ ಗಡ್ಡೆಗಳು ದಾರದಂಥ ಬೇರುಕಾಂಡದಲ್ಲಿ ಜಪಮಾಲೆಯ ಹಾಗೆ ಪೋಣಿಸಿಕೊಂಡಿರುತ್ತವೆ. ಮೇಲಿನ ಎಲೆ ಹಿಡಿದು ಎಳೆದರೆ ದಂಟು ಕಿತ್ತು ಬರುತ್ತದೆ, ಗಡ್ಡೆಸಾಲು ಒಳಗೇ ಉಳಿಯುತ್ತದೆ. ಟಿಲ್ಲರ್ ಓಡಿಸುವುದು ಇನ್ನೂ ಕೆಟ್ಟದ್ದು. ಸಾಲು ಅಖಂಡವಾಗಿರುವಾಗ ತುದಿಯ ಗಡ್ಡೆ ಚಿಗುರಿ ಉಳಿದವನ್ನು ಮಲಗಿಸಿಟ್ಟಿರುತ್ತದೆ. ತುಂಡಾಯಿತೋ, ಒಂದೊಂದು ಗಡ್ಡೆಯೂ ಸ್ವತಂತ್ರವಾಗಿ ಚಿಗುರುತ್ತದೆ. ಹತ್ತು ಗಿಡವಿದ್ದ ಕಡೆ ನೂರಾಗುವುದು ಹೀಗೆ.

ಆದ್ದರಿಂದ ಮೊದಲ ಸುತ್ತು ನಾಲ್ಕು ಹಲ್ಲಿನ ಫೋರ್ಕಿನಲ್ಲಿ. ಮಣ್ಣು ಹದವಾಗಿ ಒಣಗಿರುವಾಗ ಒಂದು ಅಡಿ ಆಳಕ್ಕೆ ಹಾಕಿ, ಮೀಟಿ, ಹೆಂಟೆಯನ್ನು ಕೈಯಲ್ಲೇ ಬಿಡಿಸಿ ಗಡ್ಡೆ ಆರಿಸಿ. ಹೆಚ್ಚಿನ ಗಡ್ಡೆಗಳು ಮೇಲಿನ ಆರು ಇಂಚಿನಲ್ಲೇ ಸಿಗುತ್ತವೆ. 100 ಚದರ ಅಡಿಯ ಜಾಗವಾದರೆ ಆ ಆರು ಇಂಚು ಮಣ್ಣನ್ನು, ಅಂದರೆ 50 ಘನ ಅಡಿಯನ್ನು, ಕಾಲು ಇಂಚು ಕಣ್ಣಿನ ಜರಡಿಗೆ ಹಾಕಿಬಿಡಿ. ಇಬ್ಬರಿದ್ದರೆ ಆಗುವ ಕೆಲಸ, ಮುಂದಿನ ವರ್ಷಗಳ ಕಳೆ ಕೂಲಿ ಉಳಿಯುತ್ತದೆ. ಆರಿಸಿದ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ತಾರಸಿಯ ಮೇಲೆ ತೆಳ್ಳಗೆ ಹರಡಿ, ಮುರಿದರೆ ಒಳಗೆ ಬಿಳಿ ತೇವ ಕಾಣದಷ್ಟು ಒಣಗಲಿ.

ಇದಾದ ಕೂಡಲೇ ಗೊಬ್ಬರ ಸೇರಿಸಿ, ಮಟ್ಟ ಮಾಡಿ. ಈ ಕ್ರಮ ಮುಖ್ಯ. ಮುಂದೆ ಬಿಸಿಲಿನ ಕಾವಿಗೆ ಕಳೆ ಬೀಜ ಸಾಯಲೆಂದು ನೆಲಕ್ಕೆ ಪಾಲಿಥೀನ್ ಹಾಳೆ ಹೊದಿಸಲಿದ್ದೇವೆ. ಅದನ್ನು ತೆಗೆದ ಮೇಲೆ ಮಣ್ಣನ್ನು ಮತ್ತೆ ಆಳವಾಗಿ ತಿರುವಿದರೆ ಬಿಸಿ ತಾಗದ ಕೆಳಗಿನ ಬೀಜಗಳೆಲ್ಲ ಮೇಲೆ ಬರುತ್ತವೆ, ಆವರೆಗಿನ ಕೆಲಸ ವ್ಯರ್ಥ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಒಂದು ಇಂಚು ದಪ್ಪ (300 ಚದರ ಅಡಿಗೆ 25 ಘನ ಅಡಿ), ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಅದರಲ್ಲಿ ಕಳೆ ಬೀಜವೂ ಬರುತ್ತದೆ, ಗೊಣ್ಣೆ ಹುಳುವೂ ಬರುತ್ತದೆ. 'ಲಾನ್ ಮಿಕ್ಸ್' ಎಂಬ ಚೀಲಗಳಲ್ಲಿ ತೆಂಗಿನ ನಾರಿನ ಪುಡಿಯೇ ಹೆಚ್ಚಿದ್ದರೆ ವರ್ಷದೊಳಗೆ ಕರಗಿ ನೆಲ ಕುಸಿಯುತ್ತದೆ. ಎಂ-ಸ್ಯಾಂಡ್ ಬೆರೆಸಿದರಂತೂ ಅದರ ನುಣ್ಣನೆಯ ಪುಡಿ ಜೇಡಿಯೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಇಳಿಜಾರು ಮನೆಯಿಂದ ಆಚೆಗೆ, ಹತ್ತು ಅಡಿಗೆ ಸುಮಾರು ಎರಡು ಇಂಚು. ಕಣ್ಣಂದಾಜು ನಂಬದೆ ಗಾರೆಯವರ ನೀರಿನ ಪೈಪಿನಿಂದ ಮಟ್ಟ ಹಿಡಿಯಿರಿ.

ಈಗ ಒಂದು ಅಡಿ ಆಳಕ್ಕೆ ಇಳಿಯುವಂತೆ ನೀರು ಹಾಯಿಸಿ, ಮರುದಿನ ಪಾರದರ್ಶಕ ಪಾಲಿಥೀನ್ ಹೊದಿಸಿ. 50 ಮೈಕ್ರಾನ್ ಸಾಕು. ಕಪ್ಪು ಹಾಳೆ ತರುವವರೇ ಹೆಚ್ಚು. ಬಿಸಿಲನ್ನು ಅದು ತಾನೇ ಹೀರಿಕೊಳ್ಳುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಹಾಳೆ ನೆಲಕ್ಕೆ ಅಂಟಿಕೊಂಡಿರಬೇಕು, ಅಂಚನ್ನು ಆರು ಇಂಚಿನ ಕಾಲುವೆಯಲ್ಲಿ ಹೂಳಬೇಕು, ತೂತು ಬಿದ್ದ ದಿನವೇ ಟೇಪ್ ಹಚ್ಚಬೇಕು. ಗಾಳಿ ನುಸುಳಿದರೆ ಬಿಸಿ ಸೋರಿಹೋಗುತ್ತದೆ. ಮಾರ್ಚ್ ಆರಂಭದಿಂದ ಏಪ್ರಿಲ್ ನಡುವಿನವರೆಗೆ, ನಾಲ್ಕರಿಂದ ಆರು ವಾರ. ಮಧ್ಯಾಹ್ನ ನೆರಳು ಬೀಳುವ ಜಾಗಕ್ಕೆ ಈ ವಿಧಾನ ಹತ್ತುವುದಿಲ್ಲ. ಪಾರ್ಥೇನಿಯಂ ಮುಂತಾದವುಗಳ ಬೀಜ ಮೇಲ್ಪದರದಲ್ಲಿ ಸಾಯುತ್ತದೆ. ಜೇಕು ಸೊರಗುತ್ತದೆ, ಪೂರ್ತಿ ಸಾಯುವುದಿಲ್ಲ. ಆಳದಲ್ಲಿ ಉಳಿದದ್ದು ಮತ್ತೆ ಬರುತ್ತದೆ.

ಬರಲಿ ಎಂದೇ ಕಾಯಬೇಕು. ಹಾಳೆ ತೆಗೆದ ಮೇಲೆ ಭರಣಿ, ಕೃತ್ತಿಕಾ ಮಳೆ ಬೀಳುತ್ತದೆ. ಬೀಳದಿದ್ದರೆ ನೀವೇ ನೀರು ಕೊಡಿ. ಮೊಳಕೆ ಮೂರು ನಾಲ್ಕು ಎಲೆಯಾದಾಗ ಉದ್ದನೆಯ ಚಾಕುವಿನಿಂದ ಬುಡದ ಪಕ್ಕ ಮೀಟಿ, ಗಡ್ಡೆ ಸಮೇತ ತೆಗೆಯಿರಿ, ಆ ಜಾಗವನ್ನಷ್ಟೇ ಕೆದಕಿ. ಸುಮಾರು ಮೂರು ವಾರ ಬಿಟ್ಟರೆ ಹೊಸ ಗಡ್ಡೆ ಕಟ್ಟಲು ಶುರುಮಾಡುತ್ತದೆ. ಆದ್ದರಿಂದ ಸುತ್ತಿನಿಂದ ಸುತ್ತಿಗೆ 15 ದಿನ ದಾಟಬಾರದು. ಹೀಗೆ ಮೂರು ಸುತ್ತು. ಮೂರನೆಯದರಲ್ಲೂ ಚದರ ಅಡಿಗೊಂದು ಮೊಳಕೆ ಕಂಡರೆ ಆ ವರ್ಷ ಹುಲ್ಲು ನೆಡಲೇಬೇಡಿ. 300 ಚದರ ಅಡಿಗೆ ಕಾಲು ಕಿಲೋ ಹಸಿರುಗೊಬ್ಬರದ ಸೆಣಬಿನ ಬೀಜ ದಟ್ಟವಾಗಿ ಎರಚಿ. ಜೇಕಿಗೆ ನೆರಳು ಆಗದು. 45 ದಿನಕ್ಕೆ, ಹೂ ಬಿಡುವ ಮೊದಲು ಸೆಣಬು ಕೊಯ್ದು ಅಲ್ಲೇ ಹರಡಿ, ಮುಂದಿನ ಮುಂಗಾರಿಗೆ ನಾಟಿ ಮಾಡಿ.

ಅಡ್ಡದಾರಿಗಳು ಬೇಡ. ಉಪ್ಪು ಸುರಿದರೆ ಜೇಕಿಗಿಂತ ಮೊದಲು ಮಣ್ಣು ಹಾಳು. ಕೆಳಗೆ ಪ್ಲಾಸ್ಟಿಕ್ ಹಾಸಿದರೆ ಜೇಕಿನ ಮೊನೆ ಅದನ್ನೇ ಚುಚ್ಚಿ ಬರುತ್ತದೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಮಲಗಿರುವ ಗಡ್ಡೆಗಳನ್ನು ಮುಟ್ಟುವುದಿಲ್ಲ. ಮೇಲಾಗಿ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿತು.

ನಾಟಿ

ಎರಡು ಮೂರು ಗೆಣ್ಣಿರುವ ಗರಿಕೆ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ನೆಟ್ಟು, ಒಂದು ಗೆಣ್ಣು ಮಣ್ಣೊಳಗೆ ಹೋಗುವಂತೆ ಒತ್ತಿ. ಮಳೆಗಾಲದಲ್ಲಿ ಎರಡರಿಂದ ಮೂರು ತಿಂಗಳಿಗೆ ನೆಲ ಮುಚ್ಚುತ್ತದೆ. ರೆಡಿ ಹಾಸಿಗಿಂತ ಅಗ್ಗ, ಹಾಸಿನ ಮಣ್ಣಿನ ಜೊತೆ ಜೇಕು ಬರುವ ಭಯವೂ ಇಲ್ಲ. ಹಾಸೇ ಬೇಕೆಂದರೆ ಅಡಿಯ ಪ್ಲಾಸ್ಟಿಕ್ ಬಲೆ ಕಿತ್ತು ಹಾಕಿ.

ನೀರು

ಬೇರೂರುವ ತನಕ ಮೇಲ್ಪದರ ಒಣಗದಂತೆ ನೋಡಿಕೊಳ್ಳಿ. ಆಮೇಲೆ ದಿನಾ ಚಿಮುಕಿಸುವ ಅಭ್ಯಾಸ ಬಿಡಿ. ಮೇಲೆಮೇಲೆ ನೀರು ಕುಡಿದ ಹುಲ್ಲಿನ ಬೇರು ಮೇಲೆಯೇ ನಿಂತು, ಒಂದು ದಿನ ತಪ್ಪಿದರೂ ಬಾಡುತ್ತದೆ. ನಾಲ್ಕು ಖಾಲಿ ಡಬ್ಬಿ ಇಟ್ಟು ನೀರು ಬಿಡಿ, ಡಬ್ಬಿಯಲ್ಲಿ 12 ಮಿ.ಮೀ. ನಿಲ್ಲಲು ಎಷ್ಟು ನಿಮಿಷ ಬೇಕೆಂದು ಬರೆದಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲ ಅಷ್ಟು ಹೊತ್ತು, ಬೆಳಗ್ಗೆ ಎಂಟರೊಳಗೆ. ಸಂಜೆ ಹಾಕಿದರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ಶಿಲೀಂಧ್ರ ಹತ್ತುತ್ತದೆ. ಮಳೆ ಬಂದ ವಾರ ಬೇಡ. ಅನುಮಾನವಿದ್ದರೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಆರು ಇಂಚು ಸಲೀಸಾಗಿ ಇಳಿದರೆ ನೀರಿದೆ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಬಳಸಿ. ವಾಷಿಂಗ್ ಮಷೀನ್ ನೀರಿನ ಸೋಡಿಯಂ ಮಣ್ಣನ್ನು ಬಿಗಿಯಾಗಿಸುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೊಂದನ್ನೇ ಹಾಕದೆ ಮಳೆನೀರಿನ ಜೊತೆ ಬೆರೆಸಿ ಕೊಡಿ.

ಕತ್ತರಿಸುವುದು, ಗೊಬ್ಬರ

ಗರಿಕೆಯನ್ನು ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿಡಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ನೆಲಕ್ಕೆ ಹತ್ತಿ ಬೋಳಿಸಿದರೆ ಬೆಳಕು ಕೆಳಗೆ ಬಿದ್ದು ಕಳೆ ಬೀಜಗಳೆಲ್ಲ ಏಳುತ್ತವೆ. ಕತ್ತರಿಸಿದ ಚೂರು ಅಲ್ಲೇ ಬೀಳಲಿ, ಅದೇ ಸಾರಜನಕ. ತಿಂಗಳಿಗೊಮ್ಮೆ ಹತ್ತು ಪಾಲು ನೀರಿಗೆ ಒಂದು ಪಾಲು ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಹುಳಿಸಿದ ನೀರು) ಬೆರೆಸಿ, 300 ಚದರ ಅಡಿಗೆ 20 ಲೀಟರ್ ಎರಚಿ. ಮಳೆಗಾಲ ಮುಗಿದಾಗ ಸೋಸಿದ ಎಲೆಗೊಬ್ಬರ ಕಾಲು ಇಂಚು, ಅದೇ ಜಾಗಕ್ಕೆ ಆರು ಘನ ಅಡಿ, ಹರಡಿ ಪೊರಕೆಯಿಂದ ಹುಲ್ಲಿನ ಬುಡಕ್ಕೆ ಇಳಿಸಿ. ಯೂರಿಯಾ ಬೇಡ. ಒಮ್ಮೆಲೇ ಮೃದುವಾಗಿ ಚಿಗುರಿದ ಎಲೆಗೆ ಹುಳು ಬೀಳುತ್ತದೆ, ನೀರಿನ ಬೇಡಿಕೆಯೂ ಏರುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಗರಿಕೆ ಕಂದು ತಿರುಗಿದರೆ ಗಾಬರಿಪಟ್ಟು ಟ್ಯಾಂಕರ್ ಕರೆಸಬೇಡಿ. ಅದು ಮಲಗಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಒಂದು ಸಲ ನೀರುಣಿಸಿ, ತುಳಿಯದೆ, ಕತ್ತರಿಸದೆ ಬಿಡಿ. ಮುಂಗಾರುಪೂರ್ವ ಮಳೆಗೆ ಗೆಣ್ಣಿನಿಂದಲೇ ಮತ್ತೆ ಚಿಗುರುತ್ತದೆ.