ಡಿಸ್‌ಪ್ಲೇ ಬಿಟ್ಟೆ, ನಾಲ್ಕು ಕಣ್ಣಿನ ಸೆನ್ಸರ್ ಹಾಕಿಸಿದೆ

2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ರಿವರ್ಸ್ ತೆಗೆಯುವಾಗ ಹಿಂದೆ ಏನಾದರೂ ಅಡ್ಡ ಇದ್ದರೆ ಕೂಗಿ ಹೇಳುವುದೇ ಇದರ ಕೆಲಸ. ನನ್ನದು ಅದಕ್ಕಿಂತ ಹಳೇ ಕಾರು, ಹೊರಗಿನಿಂದಲೇ ಹಾಕಿಸಬೇಕಿತ್ತು. ಕಲಬುರಗಿಯಲ್ಲಿ ಆಕ್ಸೆಸರಿ ಅಂಗಡಿಗೆ ಹೋದರೆ ಮೊದಲು ಬಂಪರ್ ಬಣ್ಣ ಕೇಳುತ್ತಾರೆ, ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ ಕೂರಿಸುವ, ದೂರ ತೋರಿಸುವ ಡಿಸ್‌ಪ್ಲೇ ಮುಂದಿಡುತ್ತಾರೆ. ನಾನು ನೋಡಿದ್ದು ಬೇರೆ: ರಿವರ್ಸ್ ಹಾಕಿದಾಗ ನಮ್ಮ ಓಣಿಯಲ್ಲಿ ಹಿಂದೆ ಏನೇನು ಇರುತ್ತದೆ?

ಫರಸಿ ಕಲ್ಲಿನ ಕಂಪೌಂಡು, ಗೇಟಿನ ಸಣ್ಣ ಕಬ್ಬಿಣದ ಪೈಪು, ನಿಲ್ಲಿಸಿದ ಬೈಕು, ಸುಗ್ಗಿ ಹೊತ್ತಿಗೆ ತೊಗರಿ ಚೀಲ, ಪಕ್ಕದಲ್ಲೇ ತೆರೆದ ಗಟಾರ. ಇಷ್ಟೇ ನನ್ನ ಲೆಕ್ಕ.

ಬಂಪರ್ ಒಳಗೆ ಅಂಟಿಸುವ ಪಟ್ಟಿ ಸೆನ್ಸರ್ ಇದೆ. ತೂತು ಕೊರೆಯುವ ಕೆಲಸವಿಲ್ಲ, ನೋಡೋಕೆ ಚೆಂದ. ಆದರೆ ಕಾರು ಅಥವಾ ಎದುರಿನ ವಸ್ತು ಅಲುಗಾಡುತ್ತಿದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ, ಎರಡೂ ನಿಂತರೆ ಸುಮ್ಮನಾಗುತ್ತದೆ. ಹಾಗಾಗಿ ಅದನ್ನು ಬಿಟ್ಟು ಅಲ್ಟ್ರಾಸಾನಿಕ್ ತಗೊಂಡೆ. ಅದು ನಮ್ಮ ಕಿವಿಗೆ ಕೇಳದ ಸದ್ದು ಬಿಟ್ಟು, ಮರಳಿ ಬರಲು ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕುತ್ತದೆ. ನಮ್ಮ ಬಿಸಿಲಿಗೆ ಲೆಕ್ಕ ತಪ್ಪೋದಿಲ್ವಾ ಅಂತ ಗೆಳೆಯ ಕೇಳಿದ. 42 ಡಿಗ್ರಿಯಲ್ಲಿ ಸದ್ದು 20 ಡಿಗ್ರಿಗಿಂತ ಶೇ. 4ರಷ್ಟು ಬೇಗ ಓಡುತ್ತದೆ. ಅಂದರೆ ಒಂದು ಮೀಟರಿಗೆ ನಾಲ್ಕು ಸೆಂಟಿಮೀಟರ್ ಫರಕು. ಅದೂ ಗೋಡೆ ಇರುವುದಕ್ಕಿಂತ ಹತ್ತಿರ ಇದೆ ಅಂತ ತೋರಿಸುವ ಕಡೆಗೆ. ಚಿಂತೆ ಬೇಡ.

ಬಂಪರಿನಲ್ಲಿ ಕೂರುವ ಗುಂಡಿಯಂಥ ಒಂದೊಂದು ಸೆನ್ಸರಿಗೂ ಕಣ್ಣು ಅನ್ನುತ್ತೇನೆ. ಎರಡು ಕಣ್ಣಿನದು ಅಗ್ಗ, ಆದರೆ ನಡುವೆ ಪೈಪು ತಪ್ಪಿಸಿಕೊಳ್ಳುತ್ತದೆ. ನಾಲ್ಕೇ ಇರಲಿ. ವೈರ್‌ಲೆಸ್ ಅಂತ ಮಾರುವುದರಲ್ಲೂ ಸಾಮಾನ್ಯವಾಗಿ ಕಣ್ಣಿನಿಂದ ಡಿಕ್ಕಿಯಲ್ಲಿಡುವ ಕಂಟ್ರೋಲ್ ಡಬ್ಬಿವರೆಗೆ ವೈರ್ ಇದ್ದೇ ಇರುತ್ತದೆ. ಡಬ್ಬಿಯಿಂದ ಡಿಸ್‌ಪ್ಲೇಗೆ ಮಾತ್ರ ಇಲ್ಲ. ಡಿಸ್‌ಪ್ಲೇಯೇ ಬೇಡ ಅಂದಮೇಲೆ ಅದಕ್ಕೆ ಸುಮ್ನೆ ದುಡ್ಡು ಯಾಕೆ? ಹಿಂದೆ ನೋಡುವಾಗ ಡ್ಯಾಶ್‌ಬೋರ್ಡ್ ಯಾರು ನೋಡುತ್ತಾರೆ? ಬಜರ್ ಸಾಕು.

ಹಾಕುವಾಗ ಪಕ್ಕದಲ್ಲೇ ನಿಂತಿದ್ದೆ. ನೆಲದಿಂದ ಐವತ್ತು-ಅರವತ್ತು ಸೆಂಟಿಮೀಟರ್ ಎತ್ತರ ಇರಬೇಕು. ಕೆಳಗಾದರೆ ನೆಲವನ್ನೇ ಗೋಡೆ ಅಂದುಕೊಂಡು ಕೂಗುತ್ತದೆ. ಪ್ರತಿ ಕಣ್ಣಿನ ಹಿಂದೆ ಬಾಣದ ಗುರುತಿತ್ತು, ಅದು ಮೇಲಕ್ಕೇ ಇರಬೇಕು. ಮೆಕ್ಯಾನಿಕ್ ಮಾಸ್ಕಿಂಗ್ ಟೇಪ್ ಅಂಟಿಸಿ, ಅಳೆದು ಗುರುತು ಹಾಕಿ, ಕಿಟ್ಟಿನಲ್ಲೇ ಬಂದ ಕಟ್ಟರಿನಿಂದ ನಿಧಾನಕ್ಕೆ ಕೊರೆದ. ಟೇಪ್ ಇಲ್ಲದೆ ಕೊರೆದರೆ ಅಂಚಿನ ಬಣ್ಣ ಏಳುತ್ತದೆ. ಕರೆಂಟು ರಿವರ್ಸ್ ಲೈಟಿನಿಂದ.

ದುಡ್ಡು ಕೊಡುವ ಮೊದಲು ಪರೀಕ್ಷೆ. ಎಂಜಿನ್ ಬಂದ್, ಇಗ್ನಿಷನ್ ಆನ್, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರ್. ನೇರಕ್ಕೆ ಹಿಡಿದ ಫರಸಿಗೆ ದೂರದಿಂದಲೇ ಬಜರ್ ಕೂಗಿತು. ಅದನ್ನೇ ಓರೆ ಮಾಡಿದರೆ ಬಹಳ ತಡ. ಸದ್ದು ಬೇರೆ ಕಡೆ ಚಿಮ್ಮಿಹೋಗುತ್ತದೆ. ಸಣ್ಣ ಪೈಪಿಗೂ ತಡವೇ. ಸೆಣಬಿನ ಚೀಲ ಮೆತ್ತಗೆ, ಸದ್ದು ನುಂಗುತ್ತದೆ. ಗಟಾರಕ್ಕಂತೂ ಬಜರ್ ಬಾಯೇ ಬಿಡಲಿಲ್ಲ. ನೆಲದ ಕೆಳಗಿರುವುದು ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? ಗಟಾರದ ಸಲುವಾಗಿಯೇ ಆಮೇಲೆ ಒಂದು ಸಾದಾ ಕ್ಯಾಮೆರಾ ಸೇರಿಸಿದೆ.

ಮಳೆಗಾಲದಲ್ಲಿ ಹೊಲದ ದಾರಿಗೆ ಹೋಗಿ ಬಂದರೆ ಎರೆಮಣ್ಣು ಕಣ್ಣಿಗೆ ಮೆತ್ತಿಕೊಂಡು ಬಜರ್ ಬಿಡದೆ ಕೂಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸರಿ. ವಾಷಿಂಗ್‌ನಲ್ಲಿ ಪ್ರೆಶರ್ ಪೈಪು ಹತ್ತಿರ ಹಿಡಿಯಬೇಡಿ ಅಂತ ಹೇಳಿಬಿಡಿ.